ಎರವಲು ತಂದ ಉಗುಳು

ನಲುವತ್ತೇಳು ವರ್ಷ ನಾನು ನನ್ನ ಮಗನಿಗೆ ತಾಯಿಯಾಗಿದ್ದೆ. ಯಾರ ಆಕ್ಷೇಪವೂ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ ಹಾಗೆಯೇ ಉಂಟು, ಶಾಲೆಯ ದಾಖಲೆಯಲ್ಲಿ ಹಾಗೆಯೇ ಉಂಟು, ಅವನ ಪಾಸ್‌ಪೋರ್ಟಿನಲ್ಲೂ ತಾಯಿಯ ಹೆಸರು ಖತೀಜಮ್ಮ ಎಂದೇ ಉಂಟು. ಆದರೆ ೨೦೦೮ರ ಬಕ್ರೀದ್ ಹಬ್ಬದ ಮರುದಿನ ಮಧ್ಯಾಹ್ನ ಒಂದು ಗಂಟೆಗೆ, ನಾನು ಉಳಿದ ಬಿರಿಯಾನಿ ಬಡಿಸುತ್ತಿದ್ದಾಗ, ಒಂದು ಕಂಪ್ಯೂಟರ್ ನನ್ನನ್ನು ಆ ಹುದ್ದೆಯಿಂದ ವಜಾ ಮಾಡಿತು. ನೋಟೀಸಿಲ್ಲ, ವಿಚಾರಣೆಯಿಲ್ಲ. ಗೇರುಬೀಜದ ಫ್ಯಾಕ್ಟರಿಯಲ್ಲಿ ಕೂಡ ಹೀಗೆ ಮಾಡುವುದಿಲ್ಲ.

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. (ಅರ್ಧ ತಪ್ಪು. ಉಳಿದರ್ಧ ಪಕ್ಕದ ಮನೆಯ ದಮಯಂತಿಯದು. ಇದನ್ನು ಯಾರಾದರೂ ಅವಳಿಗೆ ಓದಿ ಹೇಳಿದರೆ, ತನ್ನ ಪಾಲು ಕಾಲು ಭಾಗ ಮಾತ್ರ ಎಂದು ಚೌಕಾಸಿ ಮಾಡುತ್ತಾಳೆ.)

ನಮ್ಮ ಮನೆ ಮೂಡುಬಿದಿರೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯಲ್ಲಿ. ಯಜಮಾನರು ತೀರಿಹೋಗಿ ಆಗ ಹನ್ನೊಂದು ವರ್ಷ. ಇರುವ ಒಬ್ಬನೇ ಮಗ ಇಬ್ರಾಹಿಂ ಖಲೀಲ್‌ಗೆ ಪೇಟೆಯಲ್ಲಿ ಬಳೆ, ರಿಬ್ಬನ್, ಸೆಂಟಿನ ಫ್ಯಾನ್ಸಿ ಅಂಗಡಿ. ಅಂಗಡಿಗೆ ಬರುವ ಹೆಂಗಸರ ಹತ್ತಿರ ಅವನ ಮಾತು ಕೇಳಬೇಕು, ಜೇನು ಸುರಿಯುತ್ತದೆ. ನೂರು ಬಳೆ ತೆಗೆಸಿ ನೋಡಿ ಒಂದು ಪಿನ್ನು ಕೊಂಡವಳಿಗೂ "ಬನ್ನಿ ಅಕ್ಕ, ಪುನಃ ಬನ್ನಿ" ಎನ್ನುತ್ತಾನೆ. ಹಗಲಿಡೀ ಒಳಗೆ ಕಟ್ಟಿಟ್ಟ ಸಿಟ್ಟೆಲ್ಲ ಮನೆಗೆ ಬಂದು ನನ್ನ ಸಾರಿನ ಮೇಲೆ ಇಳಿಯುತ್ತದೆ. ನನ್ನ ಕೈ ಉಪ್ಪಿನಲ್ಲಿ ಸ್ವಲ್ಪ ಧಾರಾಳಿ. ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಅವನು ಕೂಗುವುದು ಒಂದೇ ಮಾತು:

"ಉಮ್ಮಾ! ಇದು ಸಾರೋ ಸಮುದ್ರವೋ?"

ಮೀಸೆ ಮೂಡುವ ಮೊದಲಿನಿಂದ ಕೂಗುತ್ತಿದ್ದಾನೆ. ನಾನು "ಬೇಕಾದರೆ ತಿನ್ನು, ಇಲ್ಲದಿದ್ದರೆ ಈಜು" ಎನ್ನುತ್ತೇನೆ. ನಮ್ಮ ತಾಯಿ ಮಗನ ಪ್ರೀತಿ ನಡೆದುಬಂದದ್ದು ಹೀಗೆ.

ಇನ್ನು ದಮಯಂತಿ ಶೆಡ್ತಿ. ಅವಳ ನನ್ನ ಪರಿಚಯ ೧೯೬೧ರದ್ದು. ಬಂಟ್ವಾಳದ ಆಸ್ಪತ್ರೆಯಲ್ಲಿ ನಾವಿಬ್ಬರೂ ಪಕ್ಕಪಕ್ಕದ ಮಂಚದ ಬಾಣಂತಿಯರು. ಅವಳಿಗೆ ಸಂಜೆ ಶೇಖರ ಹುಟ್ಟಿದ, ನನಗೆ ಮರುದಿನ ಬೆಳಿಗ್ಗೆ ಖಲೀಲ್ ಹುಟ್ಟಿದ. ಅವಳ ತಾಯಿ ತಂದ ಕಷಾಯದಲ್ಲಿ ಅರ್ಧ ನಾನು ಕುಡಿದೆ. ನನ್ನ ಅತ್ತೆ ತಂದ ಮೆಂತೆ ಗಂಜಿಯಲ್ಲಿ ಅರ್ಧ ಅವಳು ಕುಡಿದಳು. ಆ ಸ್ನೇಹ ಎಷ್ಟು ಗಟ್ಟಿಯಾಯಿತೆಂದರೆ ೧೯೯೨ರಲ್ಲಿ ಇಬ್ಬರ ಯಜಮಾನರೂ ಸೇರಿ ಇಲ್ಲಿ ಪಕ್ಕಪಕ್ಕದ ಜಾಗ ತೆಗೆದುಕೊಂಡರು. ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲೆ ಕರಿಬೇವು ಆಚೆ ಹೋಗುತ್ತದೆ, ಹೆಪ್ಪಿಗೆ ಮಜ್ಜಿಗೆ ಈಚೆ ಬರುತ್ತದೆ, ಸೊಸೆಯಂದಿರ ಮೇಲಿನ ದೂರು ಎರಡೂ ಕಡೆಗೆ ಹೋಗುತ್ತದೆ.

ನಮ್ಮಿಬ್ಬರ ನಡುವೆ ತಕರಾರೆಂದು ಇದ್ದದ್ದು ಒಂದೇ. ಅದು ಹಡಗು.

ನನ್ನ ತಂದೆಯ ಅಜ್ಜ ಅರಬ್ ದೇಶದಿಂದ ಖರ್ಜೂರದ ಹಡಗಿನಲ್ಲಿ, ಕೈಯಲ್ಲೊಂದು ಹಿತ್ತಾಳೆಯ ಕಿಂಡಿ (ಕೊಕ್ಕಿನಂಥ ಮೂತಿಯ ನೀರಿನ ಚೊಂಬು) ಹಿಡಿದುಕೊಂಡು ಬಂದು ಬಂಟ್ವಾಳದಲ್ಲಿ ಇಳಿದವರು. ಆ ಕಿಂಡಿ ಈಗಲೂ ನನ್ನ ಕಪಾಟಿನಲ್ಲಿ ಉಂಟು. ಈ ಚರಿತ್ರೆಯನ್ನು ನಾನು ಪ್ರತಿ ರಂಝಾನಿಗೂ ಗೋಡೆಯ ಬದಿಯಲ್ಲಿ ನಿಂತು ಹೇಳುವುದು. (೧೯೯೨ರಲ್ಲಿ ಹಡಗಿಗೆ ಒಂದು ಹಾಯಿ ಇತ್ತು. ೨೦೦೦ ಬರುವಷ್ಟರಲ್ಲಿ ಮೂರು ಹಾಯಿ, ಎರಡು ಕುದುರೆ ಆಗಿದ್ದವು. ನೆನಪು ಚೆನ್ನಾಗಿದ್ದವರಿಗೆ ವಿವರಗಳು ತಡವಾಗಿ ಬರುತ್ತವೆ.)

"ಖತೀಜಾ, ಬಂಟ್ವಾಳದ ಹೊಳೆಯಲ್ಲಿ ಬೇಸಿಗೆಗೆ ಎಮ್ಮೆ ನಡೆದು ದಾಟ್ತದೆ. ನಿನ್ನಜ್ಜನ ಹಡಗು ಎಂತ, ನಡೆದು ಬಂತಾ?" ಎನ್ನುವಳು ದಮಯಂತಿ.

"ಮಳೆಗಾಲದಲ್ಲಿ ಬಂದದ್ದು ಮಾರಾಯ್ತಿ."

"ಮಳೆಗಾಲದಲ್ಲಿ ಹಡಗು ಯಾವ ಹುಚ್ಚ ಬಿಡ್ತಾನೆ? ಮತ್ತೆ ನಿನ್ನ ಆ ಕಿಂಡಿಯಂಥದ್ದು ನಮ್ಮ ಅಟ್ಟದಲ್ಲಿ ಎರಡುಂಟು."

ಹೀಗೆ ಹದಿನಾರು ವರ್ಷ ನಡೆದ ಈ ಖಟ್ಲೆಗೆ ತೀರ್ಪು ಬರುವ ಕಾಲ ಬಂತು ಎಂದು ನಾನು ತಿಳಿದದ್ದು ಮೊಮ್ಮಗ ನೌಫಲ್ ಆ ರಂಝಾನಿಗೆ ನಾಲ್ಕು ತಿಂಗಳ ರಜೆಯಲ್ಲಿ ಬಂದಾಗ. ಅವನಿಗೆ ಶಾರ್ಜಾದಲ್ಲಿ ಮದ್ದಿನ ಅಂಗಡಿಯಲ್ಲಿ ಕೆಲಸ. ಅದೇ ಕಟ್ಟಡದ ಕೆಳಗಿನ ಹೋಟೆಲಿನಲ್ಲಿ ಶೇಖರನ ಮಗ ರೋಹಿತ್‌ಗೆ ಕೆಲಸ. ಇಲ್ಲಿ ಗೋಡೆ ಹಾರಿ ಆಡುತ್ತಿದ್ದವರು ಅಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಬೇರೆಯವರ ಮಕ್ಕಳು ಗಲ್ಫಿನಿಂದ ಕಂಬಳಿ ತರುತ್ತಾರೆ, ಅತ್ತರು ತರುತ್ತಾರೆ, ಮಂಡಿನೋವಿನ ಎಣ್ಣೆ ತರುತ್ತಾರೆ. ನನ್ನ ಮೊಮ್ಮಗ ನಾಲ್ಕು ಖಾಲಿ ಕೊಳವೆ ತಂದ.

"ಅಜ್ಜಿ, ಇದರೊಳಗೆ ಉಗುಳಬೇಕು."

"ಅಷ್ಟು ದೂರದಿಂದ ತರುವವನು ಒಂದು ಪೀಕದಾನಿಯನ್ನೇ ತರಬಾರದಿತ್ತಾ ಮಗಾ? ಬಾಯಿಯಾದರೂ ದೊಡ್ಡದಿರ್ತದೆ."

ಅವನು ವಿವರಿಸಿದ. ಡಿಎನ್‌ಎ ಪರೀಕ್ಷೆಯಂತೆ. ಉಗುಳನ್ನು ಅಮೆರಿಕದ ಒಂದು ಕಂಪೆನಿಗೆ ಕಳಿಸಿದರೆ ನಮ್ಮ ಪೂರ್ವಜರು ಯಾವ ದೇಶದವರು, ನಮಗೆ ಯಾರು ಯಾರು ರಕ್ತಸಂಬಂಧಿಗಳು ಎಂದು ಅವರು ಬರೆದು ತಿಳಿಸುತ್ತಾರಂತೆ. ರೋಹಿತನೂ ಅವನೂ ಒಟ್ಟಿಗೆ ತರಿಸಿದ್ದಂತೆ. ರೋಹಿತ್ ಅಲ್ಲೇ ಉಗುಳಿ ಕಳಿಸಿಯೂ ಆಯಿತಂತೆ.

"ಅರಬ್ ದೇಶ ಅಂತ ಇದ್ದರೆ ಹೇಳ್ತಾರಾ?"

"ಎಲ್ಲ ಹೇಳ್ತಾರೆ ಅಜ್ಜಿ."

ನಾನು ನೆಟ್ಟಗೆ ಗೋಡೆಯ ಹತ್ತಿರ ಹೋದೆ. "ದಮಯಂತೀ, ಇನ್ನು ಮೂರು ತಿಂಗಳು. ನನ್ನ ಹಡಗಿನ ವಿಷಯ ಅಮೆರಿಕದವರೇ ಹೇಳ್ತಾರೆ!" ದಮಯಂತಿಗೆ ಕಿವಿ ಸ್ವಲ್ಪ ದೂರ. ಮೂರು ಸಲ ಕೂಗಬೇಕಾಯಿತು. ಮೂರನೆಯ ಸಲಕ್ಕೆ ಎದುರು ರಸ್ತೆಯ ಟೈಲರ್ ಕೂಡ ಮೆಶಿನ್ ನಿಲ್ಲಿಸಿ ಕೇಳಿದ.

ಉಗುಳುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಎಂದು ಪೆಟ್ಟಿಗೆಯಲ್ಲಿ ಬರೆದಿತ್ತು. ರಂಝಾನ್ ತಿಂಗಳು, ಮನೆಯವರೆಲ್ಲ ನೋಂಬು ಹಿಡಿದು ಬೆಳಗಿನ ಜಾವದಿಂದ ಏನೂ ಮುಟ್ಟಿಲ್ಲ. ಇದಕ್ಕಿಂತ ಶುದ್ಧವಾದ ಬಾಯಿ ಅಮೆರಿಕದವರಿಗೆ ಎಲ್ಲಿ ಸಿಗಬೇಕು ಎಂದು ನೌಫಲ್ ಒಂದು ದಿನ ಸಂಜೆ ನಾಲ್ಕು ಗಂಟೆಗೆ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿದ. ಆ ದಿನ ನೋಂಬು ಬಿಡಲು ಸಿದ್ಧಕಟ್ಟೆಯಿಂದ ನನ್ನ ನಾದಿನಿ ಬೀಫಾತಿಮಾಳೂ ಬಂದಿದ್ದಳು. ನೋಂಬಿನಲ್ಲಿ ಉಗುಳಬಹುದೋ ಎಂದು ಅವಳು ತಕರಾರು ತೆಗೆದಳು. ಖಲೀಲ್ ಮದ್ರಸದ ಉಸ್ತಾದ್ ಅಬ್ದುಲ್ ಹಕೀಮರಿಗೆ ಫೋನು ಮಾಡಿದ. "ಉಗುಳಿದರೆ ನೋಂಬು ಮುರಿಯುವುದಿಲ್ಲ. ಆದರೆ ಹೀಗೆ ತುಂಬಿಸಿ ಕಳಿಸುವುದು ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ" ಎಂದರು ಅವರು.

ಸೊಸೆ ಸಜ್ನಾ ಮಾತ್ರ ಖಡಾಖಂಡಿತವಾಗಿ ಹೇಳಿದಳು: "ನನ್ನ ತವರಿನ ಸಂಗತಿ ನನಗೆ ಗೊತ್ತುಂಟು. ನಿಮಗೆ ಗೊತ್ತಾಗಬೇಕಾದ್ದಿಲ್ಲ." (ಆ ಮನೆಯಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೇ ಎಂದು ಈಗ ಅನಿಸುತ್ತದೆ. ಅವಳ ಹತ್ತಿರ ಹೇಳಬೇಡಿ.) ಅವಳ ಕೊಳವೆ ಪೆಟ್ಟಿಗೆಯಲ್ಲೇ ಉಳಿಯಿತು.

ಖಲೀಲ್ ಉಗುಳತೊಡಗಿದ. ನೌಫಲ್ ಉಗುಳತೊಡಗಿದ. ಬೀಫಾತಿಮಾ ನನ್ನ ಕಡೆ ತಿರುಗಿದಳು.

"ಅತ್ತಿಗೆಯಿಂದ ಆಗಲಿಕ್ಕಿಲ್ಲ. ಅವರ ಬಾಯಲ್ಲಿ ಮಾತು ಉಂಟು, ಸ್ಟಾಂಪು ಅಂಟಿಸುವಷ್ಟು ಉಗುಳಿಲ್ಲ."

ಸುಮ್ಮನಿರುವ ಜಾತಿಯವಳೇ ನಾನು? "ಇವರೆಲ್ಲರಿಗಿಂತ ಮೊದಲು ಗೆರೆಯವರೆಗೆ ತುಂಬಿಸ್ತೇನೆ, ನೋಡ್ತಿರು. ಆದರೆ ಮರ್ಯಾದಸ್ಥ ಹೆಂಗಸು ಹತ್ತು ಜನರ ಎದುರು ಉಗುಳುವುದಿಲ್ಲ" ಎಂದು ಕೊಳವೆ ಹಿಡಿದುಕೊಂಡು ಹಿತ್ತಿಲಿಗೆ ನಡೆದೆ.

ಬೀಫಾತಿಮಾ ಹೇಳಿದ್ದು ನಿಜವಾಗಿತ್ತು. ನನ್ನ ಬಾಯಿ ಹಪ್ಪಳದ ಹಾಗೆ ಒಣಗಿತ್ತು. ಹುಣಸೆಹುಳಿ ನೆನೆದೆ. ಮಾವಿನಮಿಡಿ ನೆನೆದೆ. ಹದಿನೈದು ನಿಮಿಷದ ಘೋರ ತಪಸ್ಸಿನ ನಂತರ ಕೊಳವೆಯ ತಳದಲ್ಲಿ ಎರಡು ಚಿಟಿಕೆ ನೊರೆ ಕಂಡಿತು. ಅಷ್ಟರಲ್ಲಿ ಗೋಡೆಯಾಚೆ ಬಟ್ಟೆ ತೆಗೆಯಲು ದಮಯಂತಿ ಬಂದಳು.

"ಎಂತ ಖತೀಜಾ, ಮದ್ದಾ?"

ಕಿವಿಯ ಹತ್ತಿರ ಬಾಯಿಟ್ಟು ಕಷ್ಟ ಹೇಳಿಕೊಂಡೆ.

"ಇಷ್ಟಕ್ಕೆ ಯಾಕೆ ತಲೆಬಿಸಿ? ಇಲ್ಲಿ ಕೊಡು. ನನಗೆ ಈಗ ತಾನೇ ಊಟ ಆಗಿ ಮಲಗಿ ಎದ್ದದ್ದು, ಬಾಯಿ ತುಂಬಾ ಉಂಟು."

ಹೆಪ್ಪಿಗೆ ಮಜ್ಜಿಗೆ ಕೊಟ್ಟಷ್ಟೇ ಸಲೀಸಾಗಿ ಅವಳು ಕೈ ಚಾಚಿದಳು. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವಳ ಮನೆಯ ಹೆಪ್ಪು ಬಿದ್ದರೆ ನನ್ನ ಹಾಲು ಮೊಸರಾಗುವುದಿಲ್ಲವೇ? ನನ್ನ ನೊರೆ ತಳದಲ್ಲಿ ಉಂಟಲ್ಲ, ಅರಬ್ ದೇಶ ಅದರಲ್ಲಿದ್ದರೆ ಸಾಕು, ಮೇಲೆ ಬರೀ ಭರ್ತಿಗೆ ತಾನೇ ಎಂದುಕೊಂಡೆ. ಆದರೆ ದಮಯಂತಿ ಮಡಿಯ ಮನೆಯಲ್ಲಿ ಬೆಳೆದವಳು. ಕೊಳವೆಯೊಳಗೆ ಇಣುಕಿ ನೋಡಿ ಮುಖ ಸಿಂಡರಿಸಿದಳು.

"ಇಶ್ಶಿ, ನಿನ್ನ ಎಂಜಲು ಉಂಟು ಇದರಲ್ಲಿ. ಎಂಜಲಿಗೆ ಎಂಜಲು ಬೆರೆಸಬಾರದು ಮಾರಾಯ್ತಿ."

ನಾನು ಬಾಯಿ ತೆರೆಯುವಷ್ಟರಲ್ಲಿ ನಳ್ಳಿಯ ಕೆಳಗೆ ಹಿಡಿದು ಗಲಗಲ ಕುಲುಕಿ ಚೆಲ್ಲಿದಳು, ಸೆರಗಿನಲ್ಲಿ ಒರೆಸಿದಳು, ಎರಡೇ ನಿಮಿಷದಲ್ಲಿ ಗೆರೆ ದಾಟಿಸಿ ತುಂಬಿಸಿ ಕೊಟ್ಟಳು. ಹೀಗೆ ನನ್ನ ಮುತ್ತಜ್ಜ, ಅವರ ಹಡಗು, ಕುದುರೆಗಳ ಸಮೇತ ದಮಯಂತಿಯ ತೊಂಡೆಬಳ್ಳಿಯ ಬುಡಕ್ಕೆ ಹೋದರು.

ನಾನು ಕೊಳವೆಯನ್ನು ಪಂದ್ಯದ ಕಪ್ಪಿನ ಹಾಗೆ ಎತ್ತಿ ಹಿಡಿದುಕೊಂಡು ಚಾವಡಿಗೆ ಬಂದೆ. ಖಲೀಲನದ್ದು ಇನ್ನೂ ಅರ್ಧ. "ನೋಡಿದ್ಯಾ ಬೀಫಾತಿಮಾ? ಎಷ್ಟು ಸ್ಟಾಂಪು ಅಂಟಿಸಬೇಕು, ಹೇಳು!" ಎಂದೆ. ಆ ರಂಝಾನ್ ಮುಗಿಯುವವರೆಗೆ ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿದೆ. ಅದೇ ಮುಂದೆ ನನ್ನ ಕತ್ತು ಹಿಡಿದದ್ದು.

ಬಕ್ರೀದ್ ಮರುದಿನದ ಬಿರಿಯಾನಿಗೆ ಶೇಖರ ಪ್ರತಿ ವರ್ಷ ಬರುತ್ತಾನೆ. ಅವನದು ಗುರುವಾಯನಕೆರೆಯಲ್ಲಿ ಹೋಟೆಲು. ದಿನವಿಡೀ ಊರಿಗೆಲ್ಲ ಗೋಳಿಬಜೆ ಬಡಿಸುವವನಿಗೆ ಯಾರಾದರೂ ಬಡಿಸಿದರೆ ಬಹಳ ಖುಷಿ. ದಮಯಂತಿ ಮಾತ್ರ ಇರಲಿಲ್ಲ. ಕೊನೆಯ ಮಗಳು ವಿಜೇತಾಳ ಬಾಣಂತನಕ್ಕೆ ಶಿರ್ತಾಡಿಗೆ ಹೋಗಿದ್ದಳು. ಖಲೀಲ್, ಶೇಖರ, ಬೀಫಾತಿಮಾ ಊಟಕ್ಕೆ ಕೂತಿದ್ದರು. ಆಗ ನೌಫಲ್ ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂಗಿದ:

"ಅಜ್ಜೀ, ರಿಸಲ್ಟ್ ಬಂತು! ನಿಮಗೆ ಅರಬ್ ಉಂಟು! ನೂರರಲ್ಲಿ ಮೂರು!"

"ಮೂರೇ? ಸರಿಯಾಗಿ ನೋಡು ಮಗಾ, ಮೂವತ್ತಿರಬಹುದು."

"ಮೂರು."

"ಇರಲಿ. ಹಡಗಿಗೆ ಮೂರು ಧಾರಾಳ" ಎಂದು ನಾನು ಸೌಟು ಎತ್ತಿ ಬೀಫಾತಿಮಾಳ ಕಡೆ ನೋಡಿದೆ. ಅದು ಯಾರ ಉಗುಳು ಎಂಬುದು ಆ ಕ್ಷಣ ನನಗೆ ಸಂಪೂರ್ಣ ಮರೆತುಹೋಗಿತ್ತು. ನೆನಪಾದದ್ದು ಅವನ ಮುಂದಿನ ಮಾತಿಗೆ.

"ಬಾಪಾನಿಗೆ ಅರಬ್ ಸೊನ್ನೆ... ಅಲ್ಲ, ಇದೆಂತ ಇದು?" ನೌಫಲ್ ಕಂಪ್ಯೂಟರನ್ನು ಕಣ್ಣಿನ ಹತ್ತಿರಕ್ಕೆ ಎತ್ತಿದ. "ಬಾಪ ಅಜ್ಜಿಯ ಮಗ ಅಲ್ಲ ಅಂತ ಬರ್ತಾ ಉಂಟು. ನಾನು ಬಾಪಾನ ಮಗ ಹೌದು, ಆದರೆ ಅಜ್ಜಿಗೆ ಮೊಮ್ಮಗ ಅಲ್ಲ. ಅಜ್ಜಿಗೆ ಬೇರೆ ಒಬ್ಬ ಮೊಮ್ಮಗ ಇದ್ದಾನೆ."

"ಯಾರು?" ಎಂದಳು ಬೀಫಾತಿಮಾ.

"ರೋಹಿತ್. ನಮ್ಮ ರೋಹಿತ್."

ಎಲ್ಲರೂ ಶೇಖರನ ಕಡೆ ನೋಡಿದರು. ಅವನ ಕೈಯಲ್ಲಿದ್ದ ಮಾಂಸದ ತುಂಡು ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು. ಬೀಫಾತಿಮಾ ಪೊಲೀಸರ ಹಾಗೆ ಮುಂದಕ್ಕೆ ಬಾಗಿದಳು.

"ಶೇಖರಾ, ನೀನು ಹುಟ್ಟಿದ್ದು ಎಲ್ಲಿ?"

"ಬಂಟ್ವಾಳ ಆಸ್ಪತ್ರೆಯಲ್ಲಿ."

"ಯಾವಾಗ?"

"ಖಲೀಲನ ಹಿಂದಿನ ದಿನ ಸಂಜೆ."

"ಮಂಚ?"

"ಪಕ್ಕಪಕ್ಕ ಅಂತ ಅಮ್ಮ ಹೇಳ್ತಾರೆ."

"ಮುಗೀತು" ಎಂದು ಬೀಫಾತಿಮಾ ಕೈ ತೊಳೆದುಕೊಂಡಳು. "ಮಕ್ಕಳು ಅದಲುಬದಲು ಆಗಿದ್ದಾರೆ. ಇವನು ಅವಳ ಮಗ, ಅವನು ಇವಳ ಮಗ."

"ಬೀಫಾತಿಮಾ, ನೀನು ಅಲ್ಲೇ ಇದ್ದಿಯಲ್ಲ! ಹದಿಮೂರು ವರ್ಷದ ಹುಡುಗಿ, ನನ್ನ ತಲೆಯ ಹತ್ತಿರ ನಿಂತಿದ್ದಿ. ಹೇಳು ಇವರಿಗೆ!"

"ನಿಂತಿದ್ದೆ ಅತ್ತಿಗೆ. ಸರಿಯಾದ ಹೊತ್ತಿಗೆ ನನ್ನನ್ನು ಬಿಸಿನೀರು ತರಲು ಕಳಿಸಿದ್ರಿ. ಬರುವಾಗ ಮಗುವನ್ನು ಬಟ್ಟೆಯಲ್ಲಿ ಸುತ್ತಿಯಾಗಿತ್ತು. ಒಳಗೆ ಯಾರಿದ್ದರೋ, ಅಲ್ಲಾಹನಿಗೇ ಗೊತ್ತು."

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಎದುರಿಗೆ ಬೀಫಾತಿಮಾಳ ಮುಖ ಕಂಡಿತು, ಸ್ಟಾಂಪಿನ ಮಾತು ನೆನಪಾಯಿತು. ಅಲ್ಲದೆ ನನ್ನ ಮೂರು ಪಾಲು ಅರಬ್ ದೇಶ ಬಂದು ಐದು ನಿಮಿಷ ಕೂಡ ಆಗಿರಲಿಲ್ಲ. ಹದಿನಾರು ವರ್ಷ ಕಾದದ್ದನ್ನು ಐದು ನಿಮಿಷದಲ್ಲಿ ಬಿಟ್ಟುಕೊಡುವುದು ಹೇಗೆ? ಎರಡು ದಿನದಲ್ಲಿ ಎಲ್ಲರೂ ಮರೆಯುತ್ತಾರೆ ಎಂದು ಬಾಯಿ ಮುಚ್ಚಿದೆ. ಹಡಗು ಬೇಕು, ಮಗನೂ ಬೇಕು ಎಂಬ ಆಸೆ.

ಯಾರೂ ಮರೆಯಲಿಲ್ಲ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಹೋಟೆಲಿಗೆ ಹೊರಟ ಶೇಖರ ಗೇಟು ತೆಗೆದು ಒಳಗೆ ಬಂದು ನನ್ನ ಕಾಲಿಗೆ ಬಿದ್ದ. ಸಂಜೆ ಬರುವಾಗ ಕಾಗದದ ಪೊಟ್ಟಣ. "ಉಮ್ಮಾ, ಗೋಳಿಬಜೆ. ಬಿಸಿ ಉಂಟು." ಅಷ್ಟರವರೆಗೆ ನನ್ನನ್ನು ಖತೀಜಮ್ಮ ಎಂದು ಕರೆಯುತ್ತಿದ್ದವನು! "ಈ ಮನೆಗೆ ಬಂದಂದಿನಿಂದ ಬಿರಿಯಾನಿಯ ಪರಿಮಳ ಬಂದರೆ ನನ್ನ ಕಾಲು ಈ ಕಡೆಗೇ ಎಳೀತಿತ್ತು. ಯಾಕೆ ಅಂತ ಈಗ ಗೊತ್ತಾಯ್ತು ನೋಡಿ" ಎಂದು ಕಣ್ಣೊರೆಸಿಕೊಂಡ. ತಾಯಿಗೆ ಫೋನಿನಲ್ಲಿ ಹೇಳಿದೆಯಾ ಎಂದು ಕೇಳಿದರೆ, "ಬಾಣಂತಿಯ ಮನೆಯಲ್ಲಿದ್ದಾರೆ, ಇಂಥದ್ದನ್ನು ಫೋನಿನಲ್ಲಿ ಕೂಗಿ ಹೇಳಲಿಕ್ಕೆ ಆಗ್ತದಾ? ಬರಲಿ" ಎಂದ.

ಶೇಖರನನ್ನು ಹೇಗಾದರೂ ಸಹಿಸಬಹುದಿತ್ತು. (ಗೋಳಿಬಜೆ ಚೆನ್ನಾಗಿತ್ತು.) ಖಲೀಲನನ್ನು ಸಹಿಸಲು ಆಗಲಿಲ್ಲ. ಅವನು ದಮಯಂತಿಯ ಮನೆಯ ಚಾವಡಿಗೆ ಹೋಗಿ ಅವಳ ಗಂಡನ ಫೋಟೋದ ಎದುರು ಕನ್ನಡಿ ಹಿಡಿದುಕೊಂಡು ನಿಂತು ಕಿವಿ ಹೋಲಿಸಿ ನೋಡಿ ಬಂದ. "ಯಕ್ಷಗಾನದ ಚೆಂಡೆ ಕೇಳಿದರೆ ನನ್ನ ಕಾಲು ನಿಲ್ಲುವುದಿಲ್ಲ, ಅಲ್ವಾ ಸಜ್ನಾ?" ಎಂದ. "ಊರಲ್ಲಿ ಯಾರ ಕಾಲು ನಿಲ್ತದೆ?" ಎಂದಳು ಅವಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವನು ನನ್ನ ಹತ್ತಿರ ವಿನಯದಿಂದ ಮಾತಾಡತೊಡಗಿದ. ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದವನು ನೀವು ಎಂದ. ನಾನು ಕೂತಲ್ಲಿಗೆ ನೀರು ತಂದುಕೊಟ್ಟ. "ಬನ್ನಿ, ಕೂತುಕೊಳ್ಳಿ, ಪುನಃ ಹೇಳಿ" ಎಂದೆಲ್ಲ ಅಂಗಡಿಗೆ ಬಂದ ಗಿರಾಕಿಯ ಹತ್ತಿರ ಆಡುವ ಜೇನಿನ ಮಾತು. ಅವನಿಗೆ ನಾನೀಗ ಗಿರಾಕಿಯೇ?

ಐದನೆಯ ದಿನ ಪರೀಕ್ಷೆ ಮಾಡಿಯೇಬಿಡುತ್ತೇನೆಂದು ಬಂಗುಡೆ ಮೀನಿನ ಸಾರಿಗೆ ಬೇಕೆಂದೇ ಮೂರು ಪಾಲು ಉಪ್ಪು ಹಾಕಿದೆ. ಬಡಿಸಿ ಬಾಗಿಲ ಹತ್ತಿರ ನಿಂತೆ. ಕೂಗು ಮಗಾ, ಒಮ್ಮೆ ಕೂಗು. ಖಲೀಲ್ ಮೊದಲ ತುತ್ತು ಬಾಯಿಗಿಟ್ಟ. ಅವನ ಕಣ್ಣಲ್ಲಿ ನೀರು ಬಂತು. ನುಂಗಿದ. ಚೊಂಬಿನ ನೀರೆಲ್ಲ ಕುಡಿದ.

"ಚೆನ್ನಾಗಿದೆ ಉಮ್ಮಾ" ಎಂದ. "ಯಾರದ್ದೋ ಮಗನನ್ನು ಇಷ್ಟು ವರ್ಷ ನೀವು ಇಷ್ಟು ಚೆನ್ನಾಗಿ ಸಾಕಿದಿರಲ್ಲ. ಈ ಋಣ ನಾನು ಹೇಗೆ ತೀರಿಸುವುದು?"

ಹಡಗು ಅಲ್ಲಿಗೆ ಮುಳುಗಿತು. ನಾನು ಅಡುಗೆಮನೆಯ ಹೊಸಿಲಲ್ಲೇ ಕುಸಿದು ಕೂತು ಅತ್ತುಕೊಂಡು ಎಲ್ಲವನ್ನೂ ಹೇಳಿದೆ: ಒಣಗಿದ ಬಾಯಿ, ಗೋಡೆ, ನಳ್ಳಿ, ದಮಯಂತಿ, ತೊಂಡೆಬಳ್ಳಿ.

ಖಲೀಲ್ ಎದ್ದುಬಂದು ನನ್ನ ಕೈ ಹಿಡಿದ. "ನನಗೆ ಬೇಸರ ಆಗಬಾರದು ಅಂತ ಎಂತ ಕತೆ ಕಟ್ತೀರಿ! ಉಗುಳು ಎರವಲು ತಂದದ್ದಂತೆ! ಪ್ರಪಂಚದಲ್ಲಿ ಯಾರಾದರೂ ಉಗುಳು ಎರವಲು ತರ್ತಾರಾ?"

"ಅಜ್ಜಿ, ಎಲ್ಲರಿಗಿಂತ ಮೊದಲು ನಾನೇ ತುಂಬಿಸಿದ್ದು ಅಂತ ನೀವೇ ಹೇಳಿದ್ದಲ್ವಾ?" ಎಂದ ನೌಫಲ್.

"ನನ್ನ ಹತ್ತಿರವೇ ಏಳು ಸಲ ಹೇಳಿದ್ದಾರೆ" ಎಂದಳು ಬೀಫಾತಿಮಾ. (ಹಬ್ಬಕ್ಕೆ ಬಂದವಳು ಈ ಗಮ್ಮತ್ತು ಬಿಟ್ಟು ಸಿದ್ಧಕಟ್ಟೆಗೆ ಹೋಗಲು ತಯಾರಿರಲಿಲ್ಲ.) "ಹಡಗಿಗೆ ಕುದುರೆ ಹತ್ತಿಸಿದವರಿಗೆ ಇದೊಂದು ದೊಡ್ಡ ಕತೆಯಾ?"

ಅರುವತ್ತಾರು ವರ್ಷದ ನನ್ನ ಜೀವಮಾನದಲ್ಲಿ ಹೇಳಿದ ಅತ್ಯಂತ ಶುದ್ಧ ಸತ್ಯಕ್ಕೆ ಬೆಲೆ ಸಿಕ್ಕಿದ್ದು ಇಷ್ಟು. ಮರುದಿನ ಬೆಳಿಗ್ಗೆ ಬುರ್ಖಾ ಹಾಕಿಕೊಂಡು ಶಿರ್ತಾಡಿಯ ಬಸ್ಸು ಹತ್ತಿದೆ.

ವಿಜೇತಾಳ ಮನೆಯಲ್ಲಿ ಮಗು ನೋಡಲು ಬಂದ ನೆಂಟರು ಜಗಲಿ ತುಂಬ. ದಮಯಂತಿ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಮೆಲ್ಲಗೆ ಹೇಳಿದರೆ ಅವಳಿಗೆ ಕೇಳಿಸುವುದಿಲ್ಲ. ಕೂಗಿದೆ. ನೆಂಟರೆಲ್ಲ ಚಹಾದ ಲೋಟ ಕೆಳಗಿಟ್ಟು ಕೇಳಿದರು. ದಮಯಂತಿ ನಕ್ಕ ರಭಸಕ್ಕೆ ಮಗು ಬೆಚ್ಚಿ ಅತ್ತಿತು.

"ನಗಬೇಡ ಮಾರಾಯ್ತಿ. ನನ್ನ ಮಗ ನನಗೆ ನೀವು ಅಂತಾನೆ. ನಿನ್ನ ಮಗ ದಿನಾ ನನ್ನ ಕಾಲಿಗೆ ಬೀಳ್ತಾನೆ."

ದಮಯಂತಿಯ ನಗು ಅಲ್ಲಿಗೇ ನಿಂತಿತು. "ಕಾಲಿಗಾ? ಯಾರು, ಶೇಖರನಾ? ಬಿಸು ಹಬ್ಬಕ್ಕೂ ನನ್ನ ಕಾಲು ಮುಟ್ಟಿದವನಲ್ಲ ಅವನು!"

"ಸಂಜೆಗೆ ಗೋಳಿಬಜೆ ಬೇರೆ ತರ್ತಾನೆ."

"ಗೋಳಿಬಜೆ! ನಾನು ಕೇಳಿದರೆ, ಅಮ್ಮಾ ನಿಮಗೆ ಎಣ್ಣೆ ಆಗದು ಅಂತಾನೆ. ನಿನಗೆ ಮಾತ್ರ ಎಣ್ಣೆ ಆಗ್ತದಾ? ವಿಜೇತಾ, ಮಗುವನ್ನು ಹಿಡಿ. ನಡಿ ಖತೀಜಾ, ಹೋಗುವ!"

ಬಸ್ಸಿನಲ್ಲಿ ನಾನು ಅವಳಿಗೆ ನಡೆದದ್ದೆಲ್ಲವನ್ನೂ ಹೇಳಿದೆ. ಆ ಮೂರು ಪಾಲು ಅರಬ್ ದೇಶದ ವಿಷಯ ಒಂದನ್ನು ಬಿಟ್ಟು.

ಆ ಸಂಜೆ ಶೇಖರ ಪೊಟ್ಟಣ ಹಿಡಿದುಕೊಂಡು ಬಂದಾಗ ನಮ್ಮ ಚಾವಡಿಯಲ್ಲಿ ನಿಂತು ದಮಯಂತಿ ಸಾಕ್ಷಿ ಹೇಳಿದಳು. "ಹೌದು, ಉಗುಳು ನನ್ನದು. ನಾನೇ ತೊಳೆದು ತುಂಬಿಸಿದ್ದು. ಶೇಖರಾ, ನೀನು ನನ್ನ ಮಗ. ಆ ಪೊಟ್ಟಣ ಇಲ್ಲಿ ಕೊಡು." ಶೇಖರ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ ಪೊಟ್ಟಣವನ್ನು ನಡುವೆ ಮೇಜಿನ ಮೇಲೆ ಇಟ್ಟ. ಬೀಫಾತಿಮಾ ಮಾತ್ರ ಒಪ್ಪಲಿಲ್ಲ. "ಇಬ್ಬರು ಮುದುಕಿಯರೂ ಮೊದಲೇ ಮಾತಾಡಿಕೊಂಡು ಬಂದಿದ್ದಾರೆ" ಎಂದಳು.

ಅಷ್ಟರಲ್ಲಿ ನೌಫಲ್ ಹಣೆ ಬಡಿದುಕೊಂಡ. "ಹಾಗಾದರೆ, ಅರಬ್ ಉಂಟು ಅಂತ ಬಂದದ್ದು ದಮಯಂತಮ್ಮನಿಗೆ!"

ದಮಯಂತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಎಂತ ಬಂದದ್ದು?"

"ಎಂತದೂ ಇಲ್ಲ. ನಿನಗೆ ಕಿವಿ ಕೇಳುವುದಿಲ್ಲ, ಸುಮ್ಮನಿರು" ಎಂದೆ ನಾನು.

ಸಜ್ನಾ ಒಳಗಿನಿಂದ ತನ್ನ ಉಳಿದ ಕೊಳವೆ ತಂದಳು. ನನ್ನ ಎದುರು ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಇಟ್ಟು ಮುಚ್ಚಳ ತೆರೆದಳು. "ತಿನ್ನಬೇಡಿ ಮಾಮಿ. ನೋಡಿ ಮಾತ್ರ." ಬೀಫಾತಿಮಾ ಬಲಗಡೆ, ದಮಯಂತಿ ಎಡಗಡೆ, ಶೇಖರ ಖಲೀಲ್ ಎದುರುಗಡೆ ಕಾವಲು. ಮರ್ಯಾದಸ್ಥ ಹೆಂಗಸು ಹತ್ತು ಜನರ ಎದುರೇ ಉಗುಳಿದಳು. ಹತ್ತು ನಿಮಿಷದಲ್ಲಿ ಗೆರೆ ದಾಟಿತು. ಸ್ವಂತ ಉಗುಳು! ನೌಫಲ್ ಅದನ್ನು ಮುಚ್ಚಿ ಅಂಟಿಸಿದ, ಬೀಫಾತಿಮಾ ಮೇಲೆ ರುಜು ಹಾಕಿದಳು. ರಜೆ ಮುಗಿಸಿ ಹೋಗುವಾಗ ಅವನೇ ಕೊಂಡುಹೋದ.

ಆಮೇಲೆ ಎರಡು ತಿಂಗಳು ತ್ರಿಶಂಕು ಸ್ಥಿತಿ. ಶೇಖರ ಯಾವುದಕ್ಕೂ ಇರಲಿ ಎಂದು ಇಬ್ಬರು ತಾಯಂದಿರಿಗೂ ಗೋಳಿಬಜೆ ತಂದ. ಖಲೀಲ್ ನೀವು, ಬನ್ನಿ, ಚೆನ್ನಾಗಿದೆ ಎನ್ನುತ್ತಲೇ ಇದ್ದ. ನನಗೆ ಅನ್ನ ಸೇರಲಿಲ್ಲ. ಅವನು ಹುಟ್ಟಿದ ದಿನದ ಒಂದೊಂದು ನಿಮಿಷವೂ ನನಗೆ ನೆನಪುಂಟು: ಕಿಟಕಿಯಲ್ಲಿ ಕೂತ ಕಾಗೆ, ನರ್ಸಮ್ಮನ ಬಳೆಯ ಸದ್ದು, ಬಲ ತೊಡೆಯ ಮೇಲಿನ ಮಚ್ಚೆ. ಆದರೆ ಹೇಳಿದರೆ ಯಾರು ನಂಬಬೇಕು? ಹಡಗಿನದ್ದೂ ಹೀಗೆಯೇ ನೆನಪುಂಟು ಎಂದಿದ್ದವಳಲ್ಲವೇ ನಾನು.

ಫೆಬ್ರವರಿಯ ಒಂದು ಮಧ್ಯಾಹ್ನ ಖಲೀಲ್ ಊಟಕ್ಕೆ ಬರುವ ಹೊತ್ತಿಗೆ ಶಾರ್ಜಾದಿಂದ ಅವನ ಮೊಬೈಲಿಗೆ ಫೋನು ಬಂತು. ಅವನು ಅಂಗಳದಲ್ಲೇ ನಿಂತು "ಹಾಂ... ಹಾಂ..." ಎಂದ. ಸಜ್ನಾಳ ಕಿವಿಯಲ್ಲಿ ಏನೋ ಹೇಳಿದ. ನನಗೆ ಏನೂ ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ಹೋಗಿ ಊಟಕ್ಕೆ ಕೂತ. ಬಡಿಸಿ ಗೋಡೆ ಹಿಡಿದುಕೊಂಡು ನಿಂತೆ. ಅವನು ಅನ್ನ ಕಲಸಿದ. ಮೊದಲ ತುತ್ತು ಬಾಯಿಗಿಟ್ಟ.

"ಉಮ್ಮಾ!" ಮಾಡಿನ ಹಂಚು ಅದುರಿತು. "ನಿನಗೆ ಎಷ್ಟು ಸಲ ಹೇಳುವುದು? ಇದು ಸಾರೋ ಸಮುದ್ರವೋ?"

ಇಡೀ ಜನ್ಮದಲ್ಲಿ ನನ್ನ ಕಿವಿಗೆ ಬಿದ್ದ ಅತ್ಯಂತ ಇಂಪಾದ ಬೈಗುಳ ಅದು. "ಬೇಕಾದರೆ ತಿನ್ನು, ಇಲ್ಲದಿದ್ದರೆ ಈಜು!" ಎಂದು ಕೂಗಿ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿ ಮನಸಾರೆ ಅತ್ತೆ. ಅತ್ತು ಮುಗಿದ ಮೇಲೆ ಮೆಲ್ಲಗೆ ಸಜ್ನಾಳನ್ನು ಕೇಳಿದೆ, "ಮತ್ತೆ... ಅರಬ್?"

"ಸೊನ್ನೆ ಮಾಮಿ. ನಿಮ್ಮವರೆಲ್ಲ ಇಲ್ಲಿಯವರೇ ಅಂತೆ."

ಹಾಳಾಗಲಿ, ಮಗ ಸಿಕ್ಕಿದನಲ್ಲ ಎಂದು ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಗೋಡೆಯಾಚೆಯಿಂದ ಸ್ವರ ಬಂತು. ಮೂರು ಸಲ ಕೂಗಿದರೂ ಕೇಳಿಸದ ದಮಯಂತಿಗೆ ಖಲೀಲನ ಆ ಒಂದು ಕೂಗು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು.

"ಖಲೀಲಾ, ಸಮುದ್ರದ ವಿಷಯ ನಿನ್ನ ಉಮ್ಮನ ಹತ್ತಿರ ಯಾಕೆ ಕೇಳ್ತೀ ಮಗಾ? ನನ್ನ ಹತ್ತಿರ ಕೇಳು! ನನ್ನ ಮುತ್ತಜ್ಜ ಅದರಲ್ಲೇ ಬಂದವರು. ಮೂರು ಹಾಯಿ, ಎರಡು ಕುದುರೆ! ಮತ್ತೆ ಖತೀಜಾ, ಆ ಕಿಂಡಿಯನ್ನು ಹುಳಿ ಹಾಕಿ ತಿಕ್ಕಿ ಗೋಡೆಯ ಮೇಲಿಡು. ಸಂಜೆ ಶೇಖರ ಬಂದು ಕೊಂಡುಹೋಗ್ತಾನೆ."